ವಕೀಲಿಕೆಯಿಂದ ಇನ್‌ಸಾಲ್ವೆನ್ಸಿ ಪ್ರೊಫೆಷನಲ್‌ವರೆಗೆ: ನಾನು ನಡೆದು ಬಂದ ದಾರಿ

ಕಳೆದ ತಿಂಗಳು, ದಿವಾಳಿ ಪ್ರಕ್ರಿಯೆಗಳ ಮೇಲೆ ನಿಗಾ ಇಡುವ ಕೇಂದ್ರದ ಮಂಡಳಿ ಐಬಿಬಿಐನಿಂದ ನನ್ನ ನೋಂದಣಿ ಪ್ರಮಾಣಪತ್ರ ಬಂತು. ಈಗ ನಾನು ವಕೀಲೆ ಅಷ್ಟೇ ಅಲ್ಲ, ನೋಂದಾಯಿತ ಇನ್‌ಸಾಲ್ವೆನ್ಸಿ ಪ್ರೊಫೆಷನಲ್ ಕೂಡ. ಸಾಲ ತೀರಿಸಲಾಗದ ಕಂಪನಿಯ ಆಡಳಿತವನ್ನು ನ್ಯಾಯಮಂಡಳಿ ಯಾರ ಕೈಗೆ ಒಪ್ಪಿಸುತ್ತದೋ ಅವರನ್ನು ಹಾಗೆ ಕರೆಯುತ್ತಾರೆ. ಈ ದಾರಿ ಹಿಡಿಯಬೇಕು ಅಂತ ಹೊರಟಾಗ ಕನ್ನಡದಲ್ಲಿ ನನಗೆ ಓದಲು ಏನೂ ಸಿಗಲಿಲ್ಲ. ಸಿಕ್ಕಿದ್ದೆಲ್ಲ ಕೋಚಿಂಗ್ ಜಾಹೀರಾತು. ನನ್ನ ಹಾಗೆ ತಾಲ್ಲೂಕು ಕೋರ್ಟ್‌ನಿಂದ ಬಂದ ವಕೀಲರು ಇದನ್ನು ದೊಡ್ಡ ಲಾ ಫರ್ಮ್‌ನವರ, ಸಿಎಗಳ ಕೆಲಸ ಅಂದುಕೊಂಡು ದೂರ ಉಳಿಯುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ತುಮಕೂರಿನಲ್ಲಿ ಕಾನೂನು ಪದವಿ ಮುಗಿಸಿ 2007ರಲ್ಲಿ ಸನ್ನದು ತೆಗೆದುಕೊಂಡೆ. ಆಗ ಬಾರ್ ಪರೀಕ್ಷೆ ಇರಲಿಲ್ಲ. ಈಗ ಸನ್ನದು ಪಡೆಯುವವರು ಅಖಿಲ ಭಾರತ ಬಾರ್ ಪರೀಕ್ಷೆಯನ್ನೂ ಪಾಸು ಮಾಡಬೇಕು. ಎನ್‌ರೋಲ್‌ಮೆಂಟ್‌ಗೆ ಕಾಯ್ದೆಯಲ್ಲಿ ಹೇಳಿರುವ 750 ರೂಪಾಯಿಗಿಂತ, ಪರಿಶಿಷ್ಟ ಜಾತಿ ಪಂಗಡದವರಿಂದ 125 ರೂಪಾಯಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ. ಹೊಸಬರು ಇದನ್ನು ನೆನಪಿಟ್ಟುಕೊಳ್ಳಿ.

ದಿವಾಳಿ ವಿಷಯದಲ್ಲಿ ನನ್ನ ಮೊದಲ ಕೇಸು ತಿಪಟೂರು ಕಡೆಯ ಒಬ್ಬ ಕೊಬ್ಬರಿ ವ್ಯಾಪಾರಿಯದು. ಧಾರಣೆ ಬಿದ್ದು, ಸಾಲ ಕೊಟ್ಟವರು ಮನೆ ಬಾಗಿಲಿಗೆ ಬರತೊಡಗಿದ್ದರು. ಊರಲ್ಲಿ 'ಪಾಪರ್ ಆದ' ಅನ್ನಿಸಿಕೊಳ್ಳುವುದಕ್ಕಿಂತ ಸಾಯುವುದು ಮೇಲು ಅಂತ ಅವರು ನಮ್ಮ ಸೀನಿಯರ್ ಮುಂದೆ ಅತ್ತಿದ್ದನ್ನು ನಾನು ಮರೆತಿಲ್ಲ. ಸೀನಿಯರ್ ಅವರ ಮುಂದೆ ಒಂದು ಬಿಳಿ ಹಾಳೆ ಇಟ್ಟು, 'ಅಳೋದು ಆಮೇಲೆ. ಯಾರಿಗೆ ಎಷ್ಟು ಕೊಡಬೇಕು ಬರೀರಿ ಯಜಮಾನ್ರೆ' ಅಂದರು. ಪಟ್ಟಿ ಮುಗಿಯುವ ಹೊತ್ತಿಗೆ ಆ ಮನುಷ್ಯನ ಮುಖ ಸ್ವಲ್ಪ ಹಗುರಾಗಿತ್ತು. ಅರ್ಜಿ ಹಾಕಿದ್ದು 1920ರ ಪ್ರಾಂತೀಯ ದಿವಾಳಿ ಕಾಯ್ದೆಯ ಅಡಿಯಲ್ಲಿ. 500 ರೂಪಾಯಿ ಸಾಲವಿದ್ದರೂ ಅದರಲ್ಲಿ ಅರ್ಜಿ ಹಾಕಬಹುದು. ಸಾಮಾನ್ಯ ವ್ಯಕ್ತಿಗಳ ಮಟ್ಟಿಗೆ ಆ ಹಳೆಯ ಕಾಯ್ದೆಯೇ ಇನ್ನೂ ನಡೆಯುತ್ತಿದೆ.

ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಹೈಕೋರ್ಟಿನಲ್ಲಿ ಕಂಪನಿ ಅರ್ಜಿಗಳನ್ನು ನಡೆಸುತ್ತಿದ್ದ ಹಿರಿಯರೊಬ್ಬರ ಆಫೀಸ್ ಸೇರಿದೆ. ಆಗ 1956ರ ಕಂಪನಿ ಕಾಯ್ದೆಯ ಕಾಲ. ಕಂಪನಿ ಹಣ ಕೊಡದಿದ್ದರೆ ಮೂರು ವಾರದ ನೋಟಿಸ್ ಕೊಟ್ಟು, ಕಂಪನಿಯನ್ನೇ ಮುಚ್ಚಿಸಿ ಅಂತ 433 ಮತ್ತು 434ನೇ ಸೆಕ್ಷನ್ ಹಿಡಿದು ಅರ್ಜಿ ಹಾಕುತ್ತಿದ್ದೆವು. ಆದೇಶವಾದರೆ ಎಲ್ಲವೂ ಕಂಪನಿಯ ಆಸ್ತಿ ಮಾರಿ ಸಾಲಗಾರರಿಗೆ ಹಂಚುವ ಅಧಿಕೃತ ಲಿಕ್ವಿಡೇಟರ್ ಕೈಗೆ ಹೋಗುತ್ತಿತ್ತು. ಆಮೇಲೆ ವರ್ಷಗಟ್ಟಲೆ ಕಾಯುವುದು. ಕಿಂಗ್‌ಫಿಷರ್ ಏರ್‌ಲೈನ್ಸ್ ಹಾರಾಟ ನಿಲ್ಲಿಸಿದ್ದು 2012ರ ಅಕ್ಟೋಬರ್‌ನಲ್ಲಿ. ಅದನ್ನು ಮುಚ್ಚುವ ಆದೇಶ ನಮ್ಮ ಹೈಕೋರ್ಟಿನಿಂದ ಬಂದದ್ದು 2016ರ ನವೆಂಬರ್‌ನಲ್ಲಿ. ಆ ಕೇಸಿಗೂ ನಮ್ಮ ಆಫೀಸಿಗೂ ಸಂಬಂಧವಿರಲಿಲ್ಲ. ಆದರೂ ಅದು ವಿಚಾರಣೆಗೆ ಬಂದ ದಿನ ಹಿಂದಿನ ಸಾಲಿನಲ್ಲಿ ನಿಂತು ವಾದ ಕೇಳುತ್ತಿದ್ದೆ. ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ.

2016ರ ಡಿಸೆಂಬರ್‌ನಲ್ಲಿ ಎಲ್ಲ ಬದಲಾಯಿತು. ಆ ವರ್ಷ ಸಂಸತ್ತು ಒಪ್ಪಿದ್ದ ದಿವಾಳಿ ಸಂಹಿತೆ, ಅಂದರೆ ನಾವೆಲ್ಲ ಐಬಿಸಿ ಅನ್ನುವ ಕಾನೂನು, ಕಂಪನಿಗಳ ವಿಷಯದಲ್ಲಿ ಜಾರಿಗೆ ಬಂತು. ಎದುರು ಪಕ್ಷಕ್ಕೆ ನೋಟಿಸ್ ಜಾರಿಯಾಗದ ಅರ್ಜಿಗಳು ಹೈಕೋರ್ಟಿನಿಂದ ಕಂಪನಿ ವ್ಯಾಜ್ಯಗಳ ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿಗೆ ವರ್ಗವಾದವು. ಫೈಲು ಹೊತ್ತುಕೊಂಡು ಎಂ.ಜಿ. ರಸ್ತೆಯ ರಹೇಜಾ ಟವರ್ಸ್‌ಗೆ ಓಡಾಡಲು ಶುರುಮಾಡಿದೆವು. ಹೊಸ ಕಾನೂನು, ಹೊಸ ಫಾರ್ಮು, ಹೊಸ ಗಡುವು. ಇಪ್ಪತ್ತು ವರ್ಷ ಅನುಭವದವರೂ ನಾವೂ ಒಂದೇ ಸಾಲಿನಲ್ಲಿ ನಿಂತು ಕಲಿಯುವಂತಾಯಿತು. ಕಿರಿಯರಿಗೆ ಇಂಥ ಅವಕಾಶ ಅಪರೂಪ. ನಾನು ಅದನ್ನು ಬಿಡಲಿಲ್ಲ.

ನನ್ನ ಕಕ್ಷಿದಾರರು ಹೆಚ್ಚಾಗಿ ಸಣ್ಣ ಸರಬರಾಜುದಾರರು. ಪೀಣ್ಯದಲ್ಲಿ ಬಿಡಿಭಾಗ ಮಾಡಿಕೊಡುವವರು, ಪ್ಯಾಕಿಂಗ್ ಡಬ್ಬ ಪೂರೈಸುವವರು, ಜೊತೆಗೆ ಮುಚ್ಚಿದ ಕಾರ್ಖಾನೆಗಳ ಕಾರ್ಮಿಕರು. ಒಂದು ಲಕ್ಷ ರೂಪಾಯಿ ಬಾಕಿಯಿದ್ದರೆ ಎನ್‌ಸಿಎಲ್‌ಟಿಗೆ ಹೋಗಬಹುದಿತ್ತು. 2020ರ ಮಾರ್ಚ್ 24ರಂದು ಆ ಮಿತಿಯನ್ನು ಒಂದು ಕೋಟಿಗೆ ಏರಿಸಿದರು. ಅದರ ಹಿಂದೆಯೇ, ಕೋವಿಡ್ ಕಾಲದ ಬಾಕಿಗೆ ಅರ್ಜಿ ಹಾಕುವಂತಿಲ್ಲ ಅಂತ 10ಎ ಸೆಕ್ಷನ್ ಬಂತು. ನನ್ನ ಕಕ್ಷಿದಾರರಲ್ಲಿ ಒಂದು ಕೋಟಿ ಬಾಕಿ ಇದ್ದವರು ಎಷ್ಟು ಜನ? ಆಫೀಸಿಗೆ ಬರುವವರು ಕಡಿಮೆಯಾದರು. ಬಂದವರಿಗೂ ನಾನು ಸಿವಿಲ್ ದಾವೆ ಹಾಕಿ, ಇಲ್ಲವೇ ಸಣ್ಣ ಕೈಗಾರಿಕೆಗಳ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗಿ ಅನ್ನಬೇಕಾಯಿತು. ಕಂಪನಿ ಒಳಗೆ ಏನು ನಡೆಯುತ್ತದೆ, ಕೊನೆಗೆ ಕಾರ್ಮಿಕನಿಗೆ ಯಾಕೆ ಅಷ್ಟೇ ಸಿಗುತ್ತದೆ ಅನ್ನುವುದನ್ನು ಹೊರಗೆ ನಿಂತು ವಾದಿಸಿದ್ದು ಸಾಕು, ಒಳಗೆ ಹೋಗಿ ನೋಡಬೇಕು ಅನ್ನುವ ಆಸೆ ಆಗಲೇ ಹುಟ್ಟಿದ್ದು.

ಇನ್ನು ಪ್ರಕ್ರಿಯೆಗೆ ಬರುತ್ತೇನೆ. ವಕೀಲರಿಗೆ ಬೇಕಾದ್ದು ಪದವಿಯ ನಂತರ ಕಾನೂನು ಕ್ಷೇತ್ರದಲ್ಲಿ 10 ವರ್ಷದ ಅನುಭವ. ಅಷ್ಟು ಅನುಭವವಿಲ್ಲದ ಕಿರಿಯರಿಗೆ ಗ್ರ್ಯಾಜುಯೇಟ್ ಇನ್‌ಸಾಲ್ವೆನ್ಸಿ ಪ್ರೋಗ್ರಾಂ ಅನ್ನುವ ಬೇರೆ ದಾರಿ ಇದೆ. ಅನುಭವ ಇದ್ದವರು ಮೊದಲು ಲಿಮಿಟೆಡ್ ಇನ್‌ಸಾಲ್ವೆನ್ಸಿ ಪರೀಕ್ಷೆ ಪಾಸಾಗಬೇಕು. ಆಮೇಲೆ ಇನ್‌ಸಾಲ್ವೆನ್ಸಿ ಪ್ರೊಫೆಷನಲ್‌ಗಳ ಒಂದು ಏಜೆನ್ಸಿಯ ಸದಸ್ಯರಾಗಬೇಕು. ಸಿಎ, ಕಂಪನಿ ಸೆಕ್ರೆಟರಿ, ಕಾಸ್ಟ್ ಅಕೌಂಟೆಂಟ್ ಈ ಮೂರೂ ಸಂಸ್ಥೆಗಳು ಹುಟ್ಟುಹಾಕಿದ ಒಂದೊಂದು ಏಜೆನ್ಸಿ ಇದೆ. ವಕೀಲರು ಯಾವುದಕ್ಕೂ ಸೇರಬಹುದು. ಸದಸ್ಯರಾದ ಮೇಲೆ 50 ಗಂಟೆಗಳ ಕೋರ್ಸ್. ಅದು ಮುಗಿದ ಮೇಲೆ ಏಜೆನ್ಸಿ ಮೂಲಕ ಐಬಿಬಿಐಗೆ ಅರ್ಜಿ. ನೋಂದಣಿಯಾದ ಮೇಲೂ ಕೆಲಸ ಒಪ್ಪಿಕೊಳ್ಳಲು ಎಎಫ್‌ಎ ಅನ್ನುವ ಇನ್ನೊಂದು ಅನುಮತಿ ಬೇಕು. ಈ ಕ್ರಮ ತಲೆಯಲ್ಲಿ ಇಟ್ಟುಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಪರೀಕ್ಷೆ ಕಂಪ್ಯೂಟರ್ ಮುಂದೆ ಕೂತು ಬರೆಯುವಂಥದ್ದು. ಎರಡು ಗಂಟೆ, 100 ಅಂಕ, ಪಾಸಾಗಲು 60. ಪ್ರಶ್ನೆಗಳು ಇಂಗ್ಲಿಷಿನಲ್ಲಿ. ಉತ್ತರ ತಪ್ಪಾದರೆ ಆ ಪ್ರಶ್ನೆಯ ಅಂಕದಲ್ಲಿ ಕಾಲು ಭಾಗ ಕಳೆಯುತ್ತಾರೆ. ಕಾನೂನಿನ ಭಾಗಕ್ಕೆ ನಾನು ಹೆದರಲಿಲ್ಲ. ಐಬಿಸಿ ದಿನವೂ ಕೈಯಲ್ಲಿರುವ ಪುಸ್ತಕ. ಕರಾರು ಕಾಯ್ದೆ, ಆಸ್ತಿ ವರ್ಗಾವಣೆ ಕಾಯ್ದೆ, ಸರಕು ಮಾರಾಟ ಕಾಯ್ದೆ ಇವೆಲ್ಲ ಮುನ್ಸಿಫ್ ಕೋರ್ಟಿನಲ್ಲಿ ದಿನವೂ ಅರೆದದ್ದೇ ಅಲ್ವಾ? ಈ ವಿಷಯದಲ್ಲಿ ಕೆಳಹಂತದ ಕೋರ್ಟಿನ ವಕೀಲರಿಗೆ ಅನುಕೂಲವೇ ಜಾಸ್ತಿ. ಬ್ಯಾಂಕ್‌ನವರು ಆಸ್ತಿ ಜಪ್ತಿ ಮಾಡುವ 2002ರ ಸರ್ಫೇಸಿ ಕಾಯ್ದೆಯೂ, 1993ರ ಸಾಲ ವಸೂಲಿ ಕಾಯ್ದೆಯೂ ಪಠ್ಯದಲ್ಲಿವೆ.

ನಿಜವಾಗಿ ಕಷ್ಟವಾದದ್ದು ಲೆಕ್ಕಪತ್ರ. ಬ್ಯಾಲೆನ್ಸ್ ಶೀಟ್, ಹಣದ ಹರಿವಿನ ಪಟ್ಟಿ, ಮೌಲ್ಯಮಾಪನದ ವಿಧಾನಗಳು. ಕೋರ್ಟಿನಲ್ಲಿ ಬ್ಯಾಲೆನ್ಸ್ ಶೀಟನ್ನು ದಾಖಲೆಯಾಗಿ ಗುರುತು ಮಾಡಿಸಿದ್ದೆ. ಅದರಲ್ಲಿ ಸಾಲವನ್ನು ಒಪ್ಪಿಕೊಂಡಿದ್ದಾರೆ ಅಂತ ವಾದವನ್ನೂ ಮಾಡಿದ್ದೆ. ಆದರೆ ಅದನ್ನು ಮೊದಲಿನಿಂದ ಕೊನೆವರೆಗೆ ಓದುವುದು ಬೇರೆಯೇ ಕೆಲಸ. ನಮ್ಮ ಬಿಲ್ಡಿಂಗಿನ ಒಬ್ಬ ಸಿಎ ಸಂಜೆ ಹೊತ್ತು ಹೇಳಿಕೊಡಲು ಒಪ್ಪಿದರು. 'ಮೇಡಂ, ಲಾಭ ನೋಡಬೇಡಿ, ದುಡ್ಡು ಎಲ್ಲಿಂದ ಬಂತು ಎಲ್ಲಿಗೆ ಹೋಯ್ತು ಅದನ್ನ ಹಿಡೀರಿ' ಅಂತ ಅವರು ಪದೇ ಪದೇ ಹೇಳುತ್ತಿದ್ದರು. ನಿಜವಾದ ಕಂಪನಿಗಳ ವಾರ್ಷಿಕ ವರದಿ ತೆಗೆದು, ನೋಟ್ಸ್ ಭಾಗವನ್ನು ಮೊದಲು ಓದುವ ಅಭ್ಯಾಸ ಮಾಡಿಸಿದರು. ಸಂಬಂಧಿಕರ ಕಂಪನಿಗೆ ಕೊಟ್ಟ ಸಾಲ, ಪಾವತಿಸದ ಪಿಎಫ್, ಕೋರ್ಟಿನಲ್ಲಿರುವ ಕೇಸು ಎಲ್ಲ ಅಲ್ಲಿ ಅಡಗಿರುತ್ತದೆ. ಈ ದಾರಿಗೆ ಬರುವ ವಕೀಲರಿಗೆ ನನ್ನ ಒಂದೇ ಕೋರಿಕೆ ಇದು: ಪರೀಕ್ಷೆಗೆ ಹೆಸರು ಕೊಡುವ ಮೊದಲೇ ಲೆಕ್ಕ ಓದಲು ಕಲಿಯಿರಿ. ಪರೀಕ್ಷೆ ಮುಗಿದ ಮೇಲೂ ಅದೇ ಕೈಹಿಡಿಯುವುದು.

ತೀರ್ಪುಗಳಲ್ಲಿ ಮೂರನ್ನು ಚೆನ್ನಾಗಿ ಓದಿಕೊಂಡೆ. ಮೊದಲೇ ನಿಜವಾದ ತಕರಾರು ಇದ್ದರೆ ಸರಬರಾಜುದಾರರ ಅರ್ಜಿ ನಿಲ್ಲದು ಎಂದ 2017ರ ಮೊಬಿಲಾಕ್ಸ್. ಇಡೀ ಸಂಹಿತೆಯನ್ನು ಎತ್ತಿಹಿಡಿದ 2019ರ ಸ್ವಿಸ್ ರಿಬ್ಬನ್ಸ್. ಕಂಪನಿಗೆ ಸಾಲ ಕೊಟ್ಟ ಬ್ಯಾಂಕ್ ಮುಂತಾದವರು ಕೂರುವ ಸಾಲದಾತರ ಸಮಿತಿಯ ವ್ಯಾವಹಾರಿಕ ತೀರ್ಮಾನದಲ್ಲಿ ಕೋರ್ಟು ಕೈಹಾಕಬಾರದು ಎಂದ ಅದೇ ವರ್ಷದ ಎಸ್ಸಾರ್ ಸ್ಟೀಲ್. ಇವು ಪರೀಕ್ಷೆಗೂ ಆಗುತ್ತವೆ, ಎನ್‌ಸಿಎಲ್‌ಟಿಯಲ್ಲಿ ದಿನವೂ ಆಗುತ್ತವೆ. ಇನ್ನೊಂದು ಮಾತು. ಈ ಕಾನೂನಿನ ನಿಯಮಗಳು ಆಗಾಗ ತಿದ್ದುಪಡಿ ಆಗುತ್ತವೆ. ಹಳೆಯ ಗೈಡ್ ಹಿಡಿದು ಓದಬೇಡಿ. ಐಬಿಬಿಐ ಜಾಲತಾಣದಲ್ಲಿ ತಿದ್ದುಪಡಿ ಸೇರಿಸಿದ ನಿಯಮಾವಳಿಗಳು ಉಚಿತವಾಗಿ ಸಿಗುತ್ತವೆ.

ಪರೀಕ್ಷೆ ದಿನ ಕೊನೆಯ ಉತ್ತರ ಒತ್ತಿ ಸಲ್ಲಿಸಿದ ಕೂಡಲೇ ಅಂಕ ಗೊತ್ತಾಗುತ್ತದೆ. ಆ ಒಂದೆರಡು ಕ್ಷಣ ಪರದೆ ನೋಡಲು ಧೈರ್ಯ ಬರಲಿಲ್ಲ. ಪಾಸು ಅಂತ ಕಂಡಾಗ ಮೊದಲು ಫೋನ್ ಮಾಡಿದ್ದು ತುಮಕೂರಿನ ಸೀನಿಯರ್‌ಗೆ. 'ಏನಮ್ಮಾ, ಇನ್ನು ಕಂಪನಿ ನಡೆಸ್ತೀಯಾ?' ಅಂದರು. ಅವರ ದನಿಯಲ್ಲಿದ್ದ ಖುಷಿ ನನಗೆ ಬೇರೆ ಎಲ್ಲಕ್ಕಿಂತ ದೊಡ್ಡದಾಗಿತ್ತು.

ಕಷ್ಟದ ಭಾಗ ಮುಗಿಯಿತು ಅನ್ನಿಸಿತ್ತು. ಶುರುವಾಗಿದ್ದೇ ಆಮೇಲೆ. ಪರೀಕ್ಷೆ ಪಾಸಾದ 12 ತಿಂಗಳೊಳಗೆ ಏಜೆನ್ಸಿಯ ಸದಸ್ಯತ್ವಕ್ಕೆ ಅರ್ಜಿ ಹಾಕಬೇಕು. ತಪ್ಪಿದರೆ ಪಾಸಾಗಿದ್ದು ವ್ಯರ್ಥ, ಮತ್ತೆ ಬರೆಯಬೇಕು. ಒಂದು ವರ್ಷ ತುಂಬ ಉದ್ದ ಅನ್ನಿಸುತ್ತದೆ. ಆದರೆ ನನ್ನ ಜೊತೆ ಓದುತ್ತಿದ್ದ ವಕೀಲರೊಬ್ಬರಿಗೆ ಅನುಭವದ ದಾಖಲೆ ಹೊಂದಿಸುವಷ್ಟರಲ್ಲಿ ಆ ಗಡುವು ಮೀರಿಹೋಯಿತು. ಮತ್ತೆ ಮೊದಲಿನಿಂದ ಓದಿ ಬರೆದರು.

10 ವರ್ಷ ವಕೀಲಿಕೆ ಮಾಡಿದ್ದೇನೆ ಅನ್ನುವುದು ಗೊತ್ತಿರುವ ಸತ್ಯ. ಅದನ್ನು ಕಾಗದದಲ್ಲಿ ತೋರಿಸುವುದು ಬೇರೆ. ಕಂಪನಿಯಲ್ಲಿ ಕೆಲಸ ಮಾಡಿದವರಿಗೆ ಅನುಭವದ ಪತ್ರ ಸಿಗುತ್ತದೆ. ನಮಗೆ ಯಾರು ಕೊಡುತ್ತಾರೆ? ಸನ್ನದಿನ ಪ್ರತಿ, ವಕೀಲರ ಪರಿಷತ್ತಿನ ಪ್ರಮಾಣಪತ್ರ, ವಕೀಲರ ಸಂಘದ ಸದಸ್ಯತ್ವ, ಹಳೆಯ ವಕಾಲತ್ತು, ನನ್ನ ಹೆಸರು ದಾಖಲಾಗಿರುವ ಆದೇಶಗಳು, ಆದಾಯ ತೆರಿಗೆ ರಿಟರ್ನ್ಸ್ ಎಲ್ಲವನ್ನೂ ಒಟ್ಟು ಮಾಡಿದೆ. ಕಿರಿಯ ವಕೀಲರ ಆರಂಭದ ವರ್ಷಗಳಲ್ಲಿ ರಿಟರ್ನ್ಸ್ ಎಲ್ಲಿರುತ್ತದೆ? ಸೀನಿಯರ್ ಬಸ್‌ಚಾರ್ಜಿಗೆ ಕೊಟ್ಟ ದುಡ್ಡಿಗೆ ತೆರಿಗೆ ಲೆಕ್ಕ ಇಡುವವರು ಯಾರು? ಆ ವರ್ಷಗಳಿಗೆ ಹಳೆಯ ಆದೇಶಗಳೇ ಸಾಕ್ಷಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರು ಹಾಕಿ ಹುಡುಕಬಹುದು. ಅದರಿಂದ ತುಂಬ ಕೇಸು ಸಿಕ್ಕವು. ಉಳಿದವಕ್ಕೆ ತುಮಕೂರಿಗೆ ಹೋಗಿ ಸೀನಿಯರ್ ಮನೆಯ ಅಟ್ಟದ ಕಟ್ಟುಗಳನ್ನು ಬಿಚ್ಚಿದೆ. ಧೂಳಿನಲ್ಲಿ ಕೂತು ನನ್ನದೇ ಹಳೆಯ ಸಹಿ ನೋಡಿದಾಗ ಕಣ್ಣು ತುಂಬಿತು.

ಹೆಸರಿನ ಗೊಂದಲ ಇನ್ನೊಂದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಕೊನೆಗೆ, ಸನ್ನದಿನಲ್ಲಿ ಮೊದಲಿಗೆ, ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಪೂರ್ತಿ ಹೆಸರು, ಆಧಾರ್‌ನಲ್ಲಿ ಗಂಡನ ಮನೆಯ ವಿಳಾಸ. ನಮ್ಮ ಕಡೆಯವರಿಗೆಲ್ಲ ಇದು ಇದ್ದದ್ದೇ. ಎಲ್ಲವೂ ಒಬ್ಬಳೇ ವ್ಯಕ್ತಿಯವು ಅಂತ ಇ-ಸ್ಟ್ಯಾಂಪ್ ಪೇಪರ್ ಮೇಲೆ ಅಫಿಡವಿಟ್ ಮಾಡಿಸಿ ನೋಟರಿ ಹಾಕಿಸಿದೆ. ಆದರೂ ಸ್ಪಷ್ಟನೆ ಕೇಳಿ ಇಮೇಲ್ ಬಂತು. ಮಗಳು ಹುಟ್ಟಿದ ವರ್ಷ ಕೇಸುಗಳು ಕಡಿಮೆ ಇದ್ದವು. ಆ ಅವಧಿಯಲ್ಲಿ ವೃತ್ತಿಯಲ್ಲಿದ್ದಿರಿ ಎನ್ನಲು ದಾಖಲೆ ಕೊಡಿ ಅಂತಲೂ ಕೇಳಿದರು. ಓದಿದಾಗ ಸಿಟ್ಟು ಬಂತು, ನೋವೂ ಆಯಿತು. ಹೆರಿಗೆಗೆ ಮೂರು ವಾರ ಮುಂಚೆ ಪಾಟೀಸವಾಲು ಮಾಡಿದ್ದೆ. ಆ ದಿನದ ಆರ್ಡರ್ ಶೀಟ್ ತೆಗೆದು ಕಳಿಸಿದೆ. ಅದನ್ನು ಒಪ್ಪಿಕೊಂಡರು. ಹೆಣ್ಣುಮಕ್ಕಳು ದಯವಿಟ್ಟು ಗಮನಿಸಿ: ವೃತ್ತಿಯ ನಡುವೆ ಬಿಡುವು ಬಂದ ವರ್ಷಗಳ ಕಾಗದವನ್ನು ಉಳಿದೆಲ್ಲದಕ್ಕಿಂತ ಜೋಪಾನವಾಗಿ ಇಟ್ಟುಕೊಳ್ಳಿ. ಕೇಳುವುದು ಅವನ್ನೇ.

ಖರ್ಚಿನ ವಿಷಯ. ಪರೀಕ್ಷೆಗೆ, ಏಜೆನ್ಸಿ ಸದಸ್ಯತ್ವಕ್ಕೆ, ಕೋರ್ಸಿಗೆ, ಐಬಿಬಿಐ ಅರ್ಜಿಗೆ, ಕೊನೆಗೆ ಎಎಫ್‌ಎಗೆ, ಹೀಗೆ ಐದು ಕಡೆ ದುಡ್ಡು ಕಟ್ಟಬೇಕು. ಒಂದೇ ಸಲ ಬರುವುದಿಲ್ಲ, ಅದೇ ಸಮಾಧಾನ. ಶುಲ್ಕಕ್ಕಿಂತ ಹೊರೆಯಾಗುವುದು ಕೋರ್ಟಿಗೆ ಹೋಗದ ದಿನಗಳ ಆದಾಯ. ಓದುವ ತಿಂಗಳುಗಳಲ್ಲಿ ಹೊಸ ಕೇಸು ತೆಗೆದುಕೊಳ್ಳಲು ಆಗಲಿಲ್ಲ. ಮನೆ ಖರ್ಚಿಗೆ ಮೊದಲೇ ಒಂದಿಷ್ಟು ತೆಗೆದಿಟ್ಟಿದ್ದರಿಂದ ಬಚಾವಾದೆ.

ಕೋರ್ಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 50 ಗಂಟೆ ಸುಮ್ನೆ ಹಾಜರಿ ಹಾಕುವುದು ಅಂದುಕೊಂಡು ಹೋದರೆ ನಷ್ಟ ನಿಮಗೇ. ನಮ್ಮ ತಂಡದಲ್ಲಿ ಸಿಎಗಳು, ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಕಂಪನಿ ಸೆಕ್ರೆಟರಿಗಳಿದ್ದರು. ವಕೀಲರು ಕಡಿಮೆ. ಅರ್ಜಿ ಅಂಗೀಕಾರವಾದ ದಿನ ಕಂಪನಿಯ ಆಡಳಿತ ಮಂಡಳಿಯ ಅಧಿಕಾರ ಅಮಾನತಾಗಿ ಹಂಗಾಮಿ ವೃತ್ತಿಪರರ ಕೈಗೆ ಬರುತ್ತದೆ. ಇದನ್ನು 17ನೇ ಸೆಕ್ಷನ್ ಅಂತ ನಾನು ಎಷ್ಟೋ ಸಲ ಓದಿದ್ದೆ. ಅದರ ಅರ್ಥ ಗೊತ್ತಾಗಿದ್ದು ಅಲ್ಲಿ. ಮರುದಿನ ಬೆಳಗ್ಗೆ ಕಾರ್ಖಾನೆ ಗೇಟಿನಲ್ಲಿ ನಿಲ್ಲುವವರು ನೀವೇ. ಬ್ಯಾಂಕ್ ಖಾತೆಯಲ್ಲಿ ಸಹಿ ಬದಲಿಸಬೇಕು. ವಿಮೆ ಮುಗಿದಿದೆಯಾ ನೋಡಬೇಕು. ಸಂಬಳದ ದಿನ ಹತ್ತಿರ ಬಂದಿರುತ್ತದೆ. ನೇಮಕವಾದ ಮೂರು ದಿನದೊಳಗೆ ಸಾರ್ವಜನಿಕ ಪ್ರಕಟಣೆ ಕೊಡಬೇಕು, ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ. ನಮ್ಮಲ್ಲಿ ಅದು ಕನ್ನಡ ಪತ್ರಿಕೆ. ಆದರೆ ಅದರಲ್ಲಿ ಬರುವ ಭಾಷೆ ಕಾರ್ಮಿಕನಿಗೆ ಅರ್ಥವಾಗುವುದಿಲ್ಲ. ನನ್ನ ಹತ್ತಿರ ಬಂದ ಎಷ್ಟೋ ಕಾರ್ಮಿಕರು ಆ ಪ್ರಕಟಣೆ ನೋಡಿದ್ದರು. ಫಾರ್ಮ್ ಡಿ ತುಂಬಿ ತಮ್ಮ ಬಾಕಿಯನ್ನು ಕೇಳಬೇಕು ಅನ್ನುವುದು ಮಾತ್ರ ಗೊತ್ತಾಗಿರಲಿಲ್ಲ. ನನಗೆ ಕೆಲಸ ಸಿಕ್ಕಿದರೆ ಆ ಪ್ರಕಟಣೆಯನ್ನು ನಾನೇ ಕೂತು ಸರಳ ಕನ್ನಡದಲ್ಲಿ ಬರೆಯುತ್ತೇನೆ ಅಂತ ಅಲ್ಲೇ ತೀರ್ಮಾನ ಮಾಡಿದೆ.

ಸಾಲದಾತರ ಸಮಿತಿಯ ಸಭೆಯನ್ನು ಅಭಿನಯಿಸಿ ತೋರಿಸುವ ತರಗತಿಯೂ ಇತ್ತು. ನಿವೃತ್ತ ಮ್ಯಾನೇಜರ್ ಒಬ್ಬರು ಬ್ಯಾಂಕ್ ಪರ ಕೂತರು. ಕಂಪನಿಯನ್ನು ಉಳಿಸುವ ಯೋಜನೆ ಒಪ್ಪಲು ಸಮಿತಿಯ ಮತದಲ್ಲಿ ಶೇ 66 ಬೇಕು. ಸರಬರಾಜುದಾರರಿಗೆ ಸಾಮಾನ್ಯವಾಗಿ ಮತವೇ ಇಲ್ಲ. ನಾನು ವರ್ಷಗಟ್ಟಲೆ ಅವರ ಪರ ವಾದಿಸಿದವಳು. ಅಂದು ನನ್ನ ಪಾತ್ರ ಇಡೀ ಪ್ರಕ್ರಿಯೆ ನಡೆಸುವ ರೆಸಲ್ಯೂಶನ್ ಪ್ರೊಫೆಷನಲ್‌ದು. ಬಾಯಿಗೆ ಬಂದದ್ದು ಸರಬರಾಜುದಾರರ ವಾದವೇ. ತರಬೇತಿ ಕೊಡುತ್ತಿದ್ದವರು ತಡೆದು, 'ಈಗ ನೀವು ಯಾರ ವಕೀಲರೂ ಅಲ್ಲ ಮೇಡಂ' ಅಂದರು. ಒಂದು ಪಕ್ಷ ಹಿಡಿಯುವುದು ನಮಗೆ ರಕ್ತದಲ್ಲಿ ಬಂದಿರುತ್ತದೆ. ಅದನ್ನು ಬಿಡುವುದು ಪರೀಕ್ಷೆಗಿಂತ ಕಷ್ಟ. ನನಗೆ ಇನ್ನೂ ಪೂರ್ತಿ ಬಂದಿಲ್ಲ.

ಐಬಿಬಿಐಗೆ ಅರ್ಜಿ ಹೋದ ಮೇಲೆ ಮತ್ತೆ ಕಾಯುವುದು. ನಡೆಯುತ್ತಿರುವ ಕೇಸು ಏನಾದರೂ ನಿಮ್ಮ ಮೇಲಿದ್ದರೆ ಮುಚ್ಚಿಡಬೇಡಿ. ಯೋಗ್ಯ ವ್ಯಕ್ತಿ ಹೌದೋ ಅಲ್ಲವೋ ಅನ್ನುವುದನ್ನು ಅವರು ಸರಿಯಾಗಿ ನೋಡುತ್ತಾರೆ. ಸಂಬಳದ ಕೆಲಸದಲ್ಲಿರುವವರು ಅದನ್ನು ಬಿಡಬೇಕು. ಎಎಫ್‌ಎ ಇಲ್ಲದೆ ಒಂದೂ ಕೆಲಸ ಒಪ್ಪಿಕೊಳ್ಳುವಂತಿಲ್ಲ. 70 ದಾಟಿದವರಿಗೆ ಅದು ಸಿಗುವುದಿಲ್ಲ. ನಿವೃತ್ತಿಯ ನಂತರ ನೋಡೋಣ ಅನ್ನುವವರು ಲೆಕ್ಕ ಹಾಕಿಕೊಳ್ಳಿ.

ಸಂಪಾದನೆ ಬಗ್ಗೆ ಎಲ್ಲರೂ ಕೇಳುತ್ತಾರೆ. 2022ರ ಅಕ್ಟೋಬರ್‌ನಿಂದ ಕನಿಷ್ಠ ಶುಲ್ಕ ನಿಗದಿಯಾಗಿದೆ. ಅಂಗೀಕೃತ ಬಾಕಿ 50 ಕೋಟಿವರೆಗಿನ ಕಂಪನಿಗೆ ತಿಂಗಳಿಗೆ 1 ಲಕ್ಷ ರೂಪಾಯಿ, ಅಲ್ಲಿಂದ ಮೇಲಕ್ಕೆ ಜಾಸ್ತಿ. ಕೇಳಲು ಚೆನ್ನಾಗಿದೆ. ಆದರೆ ಖಜಾನೆ ಖಾಲಿಯಾದ ಕಂಪನಿಯಲ್ಲಿ ಆ ಹಣ ಕೈಗೆ ಬರುವುದು ಯಾವಾಗ? ಕೆಲಸ ಸಿಗುವುದೂ ತಕ್ಷಣ ಅಲ್ಲ. ಬೈಜೂಸ್ ಕೇಸು 2024ರ ಜುಲೈನಲ್ಲಿ ಬೆಂಗಳೂರು ಪೀಠದಲ್ಲಿ ಅಂಗೀಕಾರವಾದ ಮೇಲೆ ನಮ್ಮ ಊರಿನವರಿಗೂ ಈ ಕಾನೂನಿನ ಹೆಸರು ಗೊತ್ತಾಗಿದೆ. ಅಂಥ ದೊಡ್ಡ ಕೇಸು ಹೊಸಬರ ಹತ್ತಿರ ಬರುವುದಿಲ್ಲ. ಹಾಗಾಗಿ ನಾನು ವಕೀಲಿಕೆ ಬಿಟ್ಟಿಲ್ಲ. ಆದರೆ ಯಾವ ಕಂಪನಿಯ ಪ್ರಕ್ರಿಯೆಯಲ್ಲಿ ವಕೀಲೆಯಾಗಿ ಇದ್ದೇನೋ ಅದರಲ್ಲಿ ವೃತ್ತಿಪರಳಾಗಿ ಕೂರುವಂತಿಲ್ಲ. ಕಕ್ಷಿದಾರರ ಪಟ್ಟಿಯೊಂದನ್ನು ಮಾಡಿ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಯಾರೇ ಫೋನ್ ಮಾಡಿದರೂ ಮೊದಲು ಅದನ್ನು ನೋಡುತ್ತೇನೆ.

ಎನ್‌ಸಿಎಲ್‌ಟಿಗಾಗಿ ಐಬಿಬಿಐ ಆರು ತಿಂಗಳಿಗೊಮ್ಮೆ ಮಾಡುವ ಪ್ಯಾನೆಲ್‌ಗೆ ಈಗ ಹೆಸರು ಕೊಡಬೇಕು. ಅದಕ್ಕೂ ಮೊದಲೇ ಪರಿಚಯದ ವಕೀಲರೊಬ್ಬರು ತಮ್ಮ ಕಕ್ಷಿದಾರರ ಅರ್ಜಿಯಲ್ಲಿ ನನ್ನ ಹೆಸರು ಸೂಚಿಸಬಹುದಾ ಅಂತ ಕೇಳಿದರು. ಪಟ್ಟಿ ನೋಡಿದೆ, ಸಂಬಂಧ ಏನೂ ಇರಲಿಲ್ಲ. ಮೊನ್ನೆ ಫಾರ್ಮ್ 2ರಲ್ಲಿ ಒಪ್ಪಿಗೆಯ ಸಹಿ ಹಾಕಿ ಕೊಟ್ಟೆ. ಹೊಸೂರು ರಸ್ತೆಯ ಒಂದು ಸಣ್ಣ ತಯಾರಿಕಾ ಕಂಪನಿ ಅದು. ಅರ್ಜಿ ಇನ್ನೂ ಅಂಗೀಕಾರವಾಗಿಲ್ಲ. ಆದರೂ ಅದರ ಮೂರು ವರ್ಷದ ಬ್ಯಾಲೆನ್ಸ್ ಶೀಟ್ ತರಿಸಿಕೊಂಡು ನೋಟ್ಸ್ ಭಾಗದಿಂದ ಓದಲು ಶುರುಮಾಡಿದ್ದೇನೆ.